ಪಾಸ್ಕಲ್‌ನ ಆರು ಚುಕ್ಕಿಗಳ ಹಿಂದಿನ ಕಥೆ

ನಮ್ಮ ಮಂಗಳೂರು, ಉಡುಪಿ ಕಡೆಯ ಪಿಯುಸಿ ಮಕ್ಕಳಿಗೆ ಕೋನಿಕ್ಸ್ (ವೃತ್ತ, ದೀರ್ಘವೃತ್ತ, ಪರವಲಯ, ಅತಿಪರವಲಯ ಎಂಬ ಶಂಕುಜಗಳು) ಅಂದ್ರೆ ಸೂತ್ರಗಳ ಪಟ್ಟಿ. ಫೋಕಸ್ ಎಲ್ಲಿ, ಡೈರೆಕ್ಟ್ರಿಕ್ಸ್ ಎಲ್ಲಿ, ಸಿಇಟಿಯಲ್ಲಿ ಬಂದ್ರೆ ಬೇಗ ಬಿಡಿಸೋದು ಹೇಗೆ, ಅಷ್ಟೇ. ಆದರೆ ಸುಮ್ನೆ ಪೆನ್ಸಿಲ್, ಸ್ಕೇಲ್ ಹಿಡಿದು ನೋಡಬಹುದಾದ ಒಂದು ಪ್ರಮೇಯ ಇದೆ. ಅದನ್ನು ಅಚ್ಚು ಹಾಕಿಸಿದಾಗ ಫ್ರಾನ್ಸಿನ ಗಣಿತಜ್ಞ ಬ್ಲೇಸ್ ಪಾಸ್ಕಲ್‌ಗೆ 16 ವರ್ಷ. ಫಸ್ಟ್ ಪಿಯುಸಿ ವಯಸ್ಸು, ಅಲ್ವಾ?

ಒಂದು ದೀರ್ಘವೃತ್ತ ಬರೆಯಿರಿ. ಅದರ ಮೇಲೆ ಎಲ್ಲಾದರೂ ಆರು ಚುಕ್ಕಿ ಇಟ್ಟು 1ರಿಂದ 6ರವರೆಗೆ ನಂಬರ್ ಕೊಡಿ. ಸಾಲಾಗಿ ಗೆರೆ ಎಳೆಯುತ್ತಾ ಹೋಗಿ ಕೊನೆಗೆ 6ನ್ನು 1ಕ್ಕೆ ಸೇರಿಸಿ. ಈಗ ಎದುರು ಬದುರಿನ ಗೆರೆಗಳನ್ನು ಉದ್ದ ಮಾಡಿ: 1-2ರ ಜೊತೆ 4-5, 2-3ರ ಜೊತೆ 5-6, 3-4ರ ಜೊತೆ 6-1. ಮೂರು ಜೋಡಿ ಮೂರು ಕಡೆ ಕೂಡುತ್ತವೆ. ಆ ಮೂರೂ ಜಾಗ ಒಂದೇ ನೇರ ಗೆರೆಯಲ್ಲಿ ಸಿಗುತ್ತವೆ. ಪರವಲಯ, ಅತಿಪರವಲಯ ತಗೊಂಡರೂ ಹಾಗೆಯೇ.

ಇದರ ಬೇರು ಹಳೆಯದು. 4ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗಣಿತಜ್ಞ ಪಾಪಸ್, ಎರಡು ನೇರ ಗೆರೆಗಳ ಮೇಲೆ ಮೂರು ಮೂರು ಚುಕ್ಕಿ ಇಟ್ಟು ಇದೇ ರೀತಿಯ ಮಾತು ಹೇಳಿದ್ದ. ಆಮೇಲೆ ಸಾವಿರದ ಮುನ್ನೂರು ವರ್ಷದಷ್ಟು ಕಾಲ ಹೋಯಿತು. 1639ರಲ್ಲಿ ಫ್ರಾನ್ಸಿನ ಲಿಯಾನ್ ಊರಿನ ಗಣಿತಜ್ಞ ಡೆಸಾರ್ಗ್ ಶಂಕುಜಗಳ ಬಗ್ಗೆ ಒಂದು ಪುಸ್ತಕ ಬರೆದ. ಅದು ಓದಲು ಬಹಳ ಕಷ್ಟ, ಜಾಸ್ತಿ ಜನ ಓದಲೂ ಇಲ್ಲ. ಆದರೆ ಪಾಸ್ಕಲ್ ಓದಿದ, ಮತ್ತು 1640ರಲ್ಲಿ ಒಂದೇ ಹಾಳೆಯ ಬರಹ ಹೊರತಂದು, ಅದರಲ್ಲೇ ಡೆಸಾರ್ಗ್‌ನ ಋಣವನ್ನೂ ಒಪ್ಪಿಕೊಂಡ.

ಡೆಸಾರ್ಗ್‌ನಿಂದ ಅವನು ಕಲಿತ ಮುಖ್ಯ ಉಪಾಯ ನೆರಳಿನದು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಟಾರ್ಚನ್ನು ಗೋಡೆಗೆ ಹಿಡಿದು ನೋಡಿ. ನೇರ ಹಿಡಿದರೆ ಬೆಳಕು ಗುಂಡಗೆ. ಓರೆ ಮಾಡಿದರೆ ದೀರ್ಘವೃತ್ತ. ಇನ್ನೂ ಓರೆ ಮಾಡುತ್ತಾ ಹೋದರೆ ಒಂದು ಬದಿ ಮುಚ್ಚುವುದೇ ಇಲ್ಲ: ಮೊದಲು ಪರವಲಯ, ಆಮೇಲೆ ಅತಿಪರವಲಯದ ಒಂದು ತುಂಡು. ಹೀಗೆ ಓರೆ ಮಾಡುವಾಗ ಉದ್ದ ಬದಲಾಗುತ್ತದೆ, ಕೋನ ಬದಲಾಗುತ್ತದೆ, ಆದರೆ ನೇರ ಗೆರೆಯ ನೆರಳು ನೇರವಾಗಿಯೇ ಉಳಿಯುತ್ತದೆ, ಗೆರೆಗಳು ಕೂಡುವ ಜಾಗದ ನೆರಳೂ ಕೂಡುವ ಜಾಗವೇ ಆಗಿರುತ್ತದೆ. ಹಾಗಾಗಿ ವೃತ್ತಕ್ಕೆ ಸಾಬೀತು ಮಾಡಿದರೆ ಸಾಕು, ಉಳಿದ ಶಂಕುಜಗಳೆಲ್ಲ ಅದರ ನೆರಳು. ನನಗಂತೂ ಪ್ರಮೇಯಕ್ಕಿಂತ ಈ ಯೋಚನೆಯೇ ದೊಡ್ಡದು ಅನಿಸುತ್ತದೆ. ಸಮೀಕರಣ ಹಿಡಿದು ಹೊರಟರೆ ಪುಟಗಟ್ಟಲೆ ಲೆಕ್ಕ.

ಪಾಸ್ಕಲ್‌ನ ಆ ಒಂದು ಹಾಳೆಯಲ್ಲಿ ಪ್ರಮೇಯದ ಸಾಬೀತು ಇರಲಿಲ್ಲ. ಪಾಸ್ಕಲ್ ಮುಂದೆ ದೊಡ್ಡ ಗ್ರಂಥವನ್ನೇ ಬರೆಯಲು ಹೊರಟ. 1676ರಲ್ಲಿ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಆ ಹಸ್ತಪ್ರತಿ ಓದಿ, ಅಚ್ಚು ಹಾಕಿಸಿ ಅಂತ ಪಾಸ್ಕಲ್‌ನ ಅಕ್ಕನ ಮಗನಿಗೆ ಬರೆದ. ಅದು ಆಗಲಿಲ್ಲ, ಹಸ್ತಪ್ರತಿಯೂ ಕಳೆದುಹೋಯಿತು.

1806ರಲ್ಲಿ ಫ್ರಾನ್ಸಿನ ಬ್ರಿಯಾಂಶೋ ಇದನ್ನು ತಿರುಗಿಸಿ ನೋಡಿದ. ಚುಕ್ಕಿಗಳ ಬದಲು ಶಂಕುಜಕ್ಕೆ ತಾಗುವ ಆರು ಗೆರೆ ಎಳೆದರೆ, ಅವು ಮಾಡುವ ಷಡ್ಭುಜದ ಎದುರು ಮೂಲೆಗಳನ್ನು ಸೇರಿಸುವ ಮೂರು ಗೆರೆಗಳು ಒಂದೇ ಜಾಗದಲ್ಲಿ ಕೂಡುತ್ತವೆ.

ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ಮಾತು. ವೃತ್ತದಲ್ಲಿ ಸಮನಾದ ಆರು ಬಾಹುಗಳ ಷಡ್ಭುಜ ಬರೆಯಬೇಡಿ. ಎದುರು ಗೆರೆಗಳೆಲ್ಲ ಸಮಾಂತರ ಆಗಿ, ಎಷ್ಟು ಎಳೆದರೂ ಕೂಡುವುದೇ ಇಲ್ಲ.