ಕಾರ್ಪೊರೇಟ್ ಗವರ್ನೆನ್ಸ್ ಅಂದ್ರೇನು, ಪರಿಸರಕ್ಕೂ ಜನಕ್ಕೂ ಅದ್ರಿಂದ ಏನಾಗತ್ತೆ

ಕಂಪನಿನ ಯಾರು ನಡೆಸ್ತಾರೆ, ನಡೆಸೋರ ಮೇಲೆ ಯಾರು ಕಣ್ಣಿಟ್ಟಿರ್ತಾರೆ, ತಪ್ಪಾದ್ರೆ ಯಾರು ಯಾರಿಗೆ ಉತ್ತರ ಕೊಡ್ಬೇಕು, ಈ ಪೂರ್ತಿ ವ್ಯವಸ್ಥೆಗೆ ಕಾರ್ಪೊರೇಟ್ ಗವರ್ನೆನ್ಸ್ ಅಂತಾರೆ. 1992ರಲ್ಲಿ ಬ್ರಿಟನ್ನಿನ ಕ್ಯಾಡ್ಬರಿ ಸಮಿತಿ ವರದಿ ಇದನ್ನ "ಕಂಪನಿಗಳನ್ನ ನಿರ್ದೇಶಿಸೋ, ನಿಯಂತ್ರಿಸೋ ವ್ಯವಸ್ಥೆ" ಅಂತ ಒಂದೇ ಸಾಲಲ್ಲಿ ಹೇಳ್ತು, ಅದೇ ಇವತ್ತಿಗೂ ಚಾಲ್ತಿಲಿದೆ. ಶೇರುದಾರರು ಡೈರೆಕ್ಟರ್‌ಗಳನ್ನ ಆರಿಸ್ತಾರೆ, ಡೈರೆಕ್ಟರ್‌ಗಳ ಬೋರ್ಡು ಸಿಇಓನ ನೇಮಿಸತ್ತೆ, ಅವ್ರ ಸಂಬಳ ಬೋನಸ್ ಗೊತ್ತು ಮಾಡತ್ತೆ, ಆಡಿಟರ್ ಬಂದು ಲೆಕ್ಕ ನೋಡ್ತಾರೆ. ಮೇಲ್ನೋಟಕ್ಕೆ ಬರೀ ದುಡ್ಡಿನ ವ್ಯವಹಾರ.

ಸಸ್ಟೈನಬಿಲಿಟಿ ಅಂದ್ರೆ ವಿಶ್ವಸಂಸ್ಥೆಯ ಆಯೋಗವೊಂದು 1987ರಲ್ಲಿ ತಂದ ಬ್ರಂಟ್‌ಲ್ಯಾಂಡ್ ವರದಿ ಹೇಳಿದ ಹಾಗೆ, ಮುಂದಿನ ತಲೆಮಾರಿನವ್ರ ಅಗತ್ಯಗಳಿಗೆ ಕುತ್ತು ಬರದ ಹಾಗೆ ನಮ್ಮ ಇವತ್ತಿನ ಅಗತ್ಯ ಪೂರೈಸ್ಕೊಳ್ಳೋದು. ತುಂಬಾ ಜನ ಇದು ಕಂಪನಿಲಿ ಒಂದು ಬೇರೆ ಡಿಪಾರ್ಟ್‌ಮೆಂಟ್ ನೋಡ್ಕೊಳ್ಳೋ ಕೆಲಸ ಅಂದ್ಕೊಂಡಿರ್ತಾರೆ, ಗಿಡ ನೆಡೋದು, ಹಸಿರು ಬಣ್ಣದ ರಿಪೋರ್ಟ್ ತರೋದು, ಹೀಗೆ. ಆದ್ರೆ ಹೊಗೆ ಎಷ್ಟು ಬಿಡ್ಬೇಕು, ಕೆಲಸಗಾರರ ಸೇಫ್ಟಿಗೆ ಎಷ್ಟು ಖರ್ಚು ಮಾಡ್ಬೇಕು ಅನ್ನೋದೆಲ್ಲ ತೀರ್ಮಾನ ಆಗೋದು ಬಜೆಟ್ ಪಾಸ್ ಮಾಡೋ ಕಡೆ, ಬೋನಸ್ ಫಿಕ್ಸ್ ಮಾಡೋ ಕಡೆ. ಅಲ್ಲಿ ಪರಿಸರದ ಮಾತೇ ಬರ್ಲಿಲ್ಲ ಅಂದ್ರೆ ಆ ರಿಪೋರ್ಟಿಂದ ಏನೂ ಆಗಲ್ಲ.

ಇದಕ್ಕೆ ರಿಯೊ ಟಿಂಟೊ ಕಂಪನಿ ಕಥೆ ಒಂದು ಸಾಕು. 2020ರ ಮೇ 24ಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಕಬ್ಬಿಣದ ಅದಿರಿಗೋಸ್ಕರ ಈ ಗಣಿ ಕಂಪನಿ ಜೂಕನ್ ಗಾರ್ಜ್ ಅನ್ನೋ ಕಡೆ ಗುಹೆ ಥರದ ಎರಡು ಕಲ್ಲಾಸರೆಗಳನ್ನ ಸಿಡಿಮದ್ದಿಟ್ಟು ಉಡಾಯಿಸ್ತು, ಅಲ್ಲಿ 46,000 ವರ್ಷದ ಹಿಂದೆನೇ ಮನುಷ್ಯರು ಇದ್ದ ಕುರುಹು ಸಿಕ್ಕಿತ್ತು. ಕಾನೂನು ಪ್ರಕಾರ ಪರ್ಮಿಶನ್ ಇತ್ತು, 2013ರಲ್ಲೇ ಸಿಕ್ಕಿತ್ತು. ಆದ್ರೆ ಮಾರನೇ ವರ್ಷ ಅಲ್ಲಿ ಅಗೆದಾಗ ಮನುಷ್ಯರ ಕೂದಲಿಂದ ಹೆಣೆದ ಸುಮಾರು 4,000 ವರ್ಷ ಹಳೇ ಪಟ್ಟಿಯ ಒಂದು ತುಂಡು ಸಿಕ್ತು, ಅದ್ರ ಡಿಎನ್ಎ ಆ ಜಾಗದ ಈಗಿನ ಮೂಲನಿವಾಸಿಗಳ ಜೊತೆ ಹೊಂದ್ತಿತ್ತು, ಅಂದ್ರೆ ಇವ್ರ ಮುತ್ತಜ್ಜಂದಿರ ಜಾಗ ಅದು ಅನ್ನೋದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ! ಇಷ್ಟೆಲ್ಲ ಕಂಪನಿ ಒಳಗಡೆ ಗೊತ್ತಿದ್ರೂ ಪ್ಲಾನ್ ಬದಲಾಗ್ಲಿಲ್ಲ, ಆ ಜಾಗದ ಮಹತ್ವ ತನಗೆ ಗೊತ್ತಾಗಿದ್ದೇ ಸ್ಫೋಟ ಆದ್ಮೇಲೆ ಅಂತ ಸಿಇಓ ಪಾರ್ಲಿಮೆಂಟ್ ವಿಚಾರಣೆಲಿ ಹೇಳಿದ್ರು. ಕೆಳಗಿರೋರಿಗೆ ಗೊತ್ತಿರೋ ವಿಷಯ ತೀರ್ಮಾನ ಮಾಡೋರ ಹತ್ರ ಹೋಗಲ್ಲ ಅಂದ್ರೆ ಅದು ಗವರ್ನೆನ್ಸ್ ಕೆಟ್ಟಿರೋದರ ಲಕ್ಷಣ.

ಮುಂದೆ ಆಗಿದ್ದು ಇನ್ನೂ ಗಮನಿಸೋ ಅಂಥದ್ದು. ಆಗಸ್ಟ್‌ನಲ್ಲಿ ಬೋರ್ಡು ತಾನೇ ಒಂದು ವಿಚಾರಣೆ ಮಾಡಿ ಸಿಇಓ ಸೇರಿ ಮೂರು ಜನರ ಬೋನಸ್ ಕಟ್ ಮಾಡಿ ಕೈತೊಳ್ಕೊಂಡ್ತು. ಮೂಲನಿವಾಸಿಗಳು ಸಿಟ್ಟಾದ್ರು, ಅವ್ರ ಜೊತೆ ಕಂಪನಿಲಿ ದುಡ್ಡು ಹಾಕಿದ್ದ ಪಿಂಚಣಿ ಫಂಡುಗಳೂ ಇಷ್ಟು ಸಾಲದು ಅಂತ ಪಟ್ಟು ಹಿಡಿದ್ವು, ಸೆಪ್ಟೆಂಬರ್ 11ಕ್ಕೆ ಆ ಮೂವರೂ ಕಂಪನಿ ಬಿಡ್ತಾರೆ ಅಂತ ಘೋಷಣೆ ಬಂತು. ಮುಂದಿನ ವರ್ಷ ಚೇರ್ಮನ್ ಕೂಡ ತಾವು ಇಳೀತೀವಿ ಅಂದ್ರು. ಶೇರುದಾರರ ಅಧಿಕಾರ ಅಂದ್ರೆ ಲಾಭ ಕೇಳೋದಷ್ಟೇ ಅಲ್ಲ ಅನ್ನೋದು ಇಲ್ಲಿ ಕಾಣತ್ತೆ, ಆದ್ರೆ ಹೋದ ಜಾಗ ಹೋಯ್ತು.

ಸರಿ, ಡೈರೆಕ್ಟರ್‌ಗಳು ಯಾರ ಹಿತ ಕಾಯ್ಬೇಕು? ಇದು ಹಳೇ ಜಗಳ. ಬಿಸಿನೆಸ್ಸಿನ ಸಾಮಾಜಿಕ ಹೊಣೆ ಅಂದ್ರೆ ಕಾನೂನಿನೊಳಗೆ ಲಾಭ ಹೆಚ್ಚಿಸೋದು ಅಂತ 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ವಾದ ಮಾಡಿದ್ರು. 1984ರಲ್ಲಿ ಮ್ಯಾನೇಜ್‌ಮೆಂಟ್ ವಿದ್ವಾಂಸ ಎಡ್ವರ್ಡ್ ಫ್ರೀಮನ್, ಕೆಲಸಗಾರರು, ಗ್ರಾಹಕರು, ಸುತ್ತಮುತ್ತಲಿನ ಜನ ಎಲ್ರೂ ಕಂಪನಿಯ ಆಗುಹೋಗಲ್ಲಿ ಪಾಲಿರೋರೇ (ಸ್ಟೇಕ್‌ಹೋಲ್ಡರ್‌ಗಳೇ), ಇವ್ರನ್ನ ಬಿಟ್ಟು ಕಂಪನಿ ನಡೆಸಕ್ಕಾಗಲ್ಲ ಅನ್ನೋ ವಿಚಾರ ಬೆಳೆಸಿದ್ರು. ಕಾನೂನುಗಳೂ ನಿಧಾನಕ್ಕೆ ಆ ಕಡೆ ವಾಲಿವೆ. ಬ್ರಿಟನ್ನಿನ 2006ರ ಕಂಪನಿ ಕಾನೂನಿನ 172ನೇ ಸೆಕ್ಷನ್ ಶೇರುದಾರರ ಹಿತ ನೋಡೋವಾಗ ಸಮುದಾಯ, ಪರಿಸರ ಎರಡನ್ನೂ ಗಮನದಲ್ಲಿ ಇಟ್ಕೊಳ್ಳಿ ಅನ್ನತ್ತೆ, ಭಾರತದ 2013ರ ಕಂಪನಿ ಕಾಯ್ದೆ 166ನೇ ಸೆಕ್ಷನ್ ಒಂದು ಹೆಜ್ಜೆ ಮುಂದೆ ಹೋಗಿ ನೌಕರರು, ಸಮುದಾಯ, ಪರಿಸರ ರಕ್ಷಣೆ ಇವನ್ನೆಲ್ಲ ಡೈರೆಕ್ಟರ್‌ಗಳ ಕರ್ತವ್ಯದಲ್ಲೇ ಸೇರಿಸಿದೆ. ಬರೆದಿರೋದು ಚೆನ್ನಾಗೇ ಇದೆ, ಕೋರ್ಟಿಗೆ ಹೋಗಿ ಇದನ್ನ ಜಾರಿ ಮಾಡಿಸೋದೇ ಕಷ್ಟ.

ಇಎಸ್‌ಜಿ (ಎನ್ವಿರಾನ್‌ಮೆಂಟ್, ಸೋಶಿಯಲ್, ಗವರ್ನೆನ್ಸ್) ಅನ್ನೋ ಹೆಸರು 2004ರ ವಿಶ್ವಸಂಸ್ಥೆ ಬೆಂಬಲದ ಒಂದು ವರದಿಯಿಂದ ಜನಪ್ರಿಯ ಆಯ್ತು. ಇಎಸ್‌ಜಿಲಿ ಪರಿಸರ, ಸಮಾಜ, ಗವರ್ನೆನ್ಸ್ ಮೂರನ್ನೂ ಅಕ್ಕಪಕ್ಕ ಇಟ್ಟು ಕಂಪನಿಗಳಿಗೆ ಮಾರ್ಕ್ಸ್ ಕೊಡ್ತಾರೆ, ನನಗೆ ಅದು ಅಷ್ಟು ಸರಿ ಕಾಣಲ್ಲ, ಯಾಕಂದ್ರೆ ಗವರ್ನೆನ್ಸ್ ಅನ್ನೋದು ಉಳಿದೆರಡನ್ನ ತೀರ್ಮಾನಿಸೋ ಜಾಗ. 2019ರ ಜನವರಿಲಿ ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ವಾಲೆ ಕಂಪನಿಯ ಗಣಿ ತ್ಯಾಜ್ಯದ ಅಣೆಕಟ್ಟು ಒಡೆದು 270 ಜನ ಸತ್ರು. ಆ ಅಣೆಕಟ್ಟು ಗಟ್ಟಿಯಾಗಿದೆ ಅಂತ ಸರ್ಟಿಫಿಕೇಟ್ ಇತ್ತು! ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ಫೀಸ್ ಕೊಡೋದು ಗಣಿ ಕಂಪನಿನೇ. ಇದನ್ನ ಪರಿಸರದ ತಪ್ಪು ಅಂತೀರಾ, ಸಮಾಜದ್ದಾ, ಗವರ್ನೆನ್ಸಿಂದಾ, ಬಿಡಿಸೋಕೇ ಆಗಲ್ಲ.

ಶೇರುದಾರರು ಮತ ಹಾಕೋದ್ರಿಂದ ಬದಲಾಗೋದೂ ಉಂಟು. 2021ರಲ್ಲಿ ಎಂಜಿನ್ ನಂಬರ್ ಒನ್ ಅನ್ನೋ ಪುಟ್ಟ ಫಂಡು, ಅಮೆರಿಕದ ತೈಲ ಕಂಪನಿ ಎಕ್ಸಾನ್‌ಮೊಬಿಲ್‌ನಲ್ಲಿ ಬರೀ 0.02 ಪರ್ಸೆಂಟ್ ಶೇರು ಇಟ್ಕೊಂಡು, ಹವಾಮಾನ ಬದಲಾವಣೆಗೆ ಕಂಪನಿ ರೆಡಿ ಇಲ್ಲ ಅಂತ ಉಳಿದ ಶೇರುದಾರರನ್ನ ಒಪ್ಪಿಸಿ ಬೋರ್ಡಿಗೆ ಮೂರು ಜನರನ್ನ ಗೆಲ್ಲಿಸ್ತು.

ಹಾಗಾಗಿ ಯಾವುದಾದ್ರೂ ಕಂಪನಿ ಸಸ್ಟೈನಬಿಲಿಟಿ ರಿಪೋರ್ಟ್ ಕೈಗೆ ಸಿಕ್ರೆ ಫೋಟೋಗಳನ್ನ ದಾಟಿ ಮುಂದೆ ಹೋಗಿ, ಸಿಇಓ ಬೋನಸ್‌ನಲ್ಲಿ ಸೇಫ್ಟಿಗೆ, ಮಾಲಿನ್ಯ ಕಮ್ಮಿ ಮಾಡೋದಕ್ಕೆ ಎಷ್ಟು ಪಾಲು ಇದೆ, ಪರಿಸರ ನೋಡ್ಕೊಳ್ಳೋರು ನೇರ ಬೋರ್ಡಿಗೆ ವರದಿ ಮಾಡ್ತಾರಾ ಇಲ್ಲ ಪ್ರಚಾರ ವಿಭಾಗದ ಕೆಳಗಿದ್ದಾರಾ, ಇದನ್ನ ಮೊದ್ಲು ಹುಡುಕಿ.