ಅಕ್ಷರವೇ ಸರಿಯಾಗಿ ಬಾರದ ಮಕ್ಕಳಿಗೆ ಬ್ಲಾಗ್ ಯಾಕೆ?

ಓದುಗರ ಪ್ರಶ್ನೆ: "ನಾನು ಒಂದನೇ ಕ್ಲಾಸಿನ ಟೀಚರ್. ತರಗತಿಗೊಂದು ಬ್ಲಾಗ್ ಶುರು ಮಾಡಿ ಅಂತ ಶಾಲೆಯಲ್ಲಿ ಹೇಳುತ್ತಿದ್ದಾರೆ. ನನ್ನ ಮಕ್ಕಳಲ್ಲಿ ಅರ್ಧ ಜನಕ್ಕೆ ಇನ್ನೂ ಒಂದು ವಾಕ್ಯ ಬರೆಯೋಕೆ ಬರೋದಿಲ್ಲ. ಇವರ ಕೈಗೆ ಕಂಪ್ಯೂಟರ್ ಕೊಟ್ಟು ಏನು ಮಾಡಿಸಲಿ?"

ಕೊಡಲೇಬೇಕು ಅಂತೇನಿಲ್ಲ. ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಬ್ಲಾಗ್ ಅಂದರೆ ಕಂಪ್ಯೂಟರ್ ಪಾಠ, ಮಗು ಕೀಬೋರ್ಡ್ ಮುಂದೆ ಕೂತು ಟೈಪ್ ಮಾಡಬೇಕು ಅಂತ ಅಂದುಕೊಂಡಿರುತ್ತಾರೆ. ಆರೇಳು ವರ್ಷದ ಮಕ್ಕಳಿಗೆ ಬ್ಲಾಗಿನಿಂದ ಸಿಗೋದು ಬೇರೆ. ಓದುವವರು ಸಿಗುತ್ತಾರೆ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಟೀಚರ್ ಒಬ್ಬರೇ ನೋಡಿ ಕೆಂಪು ಪೆನ್ನಲ್ಲಿ ರೈಟ್ ಹಾಕಿ ವಾಪಸ್ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ಬ್ಲಾಗಿನಲ್ಲಿ ಹಾಕಿದ್ದನ್ನು ಅಜ್ಜಿ ಓದುತ್ತಾರೆ, ಪಕ್ಕದ ಸೆಕ್ಷನ್ನಿನವರು ಓದುತ್ತಾರೆ, ಎಲ್ಲೋ ಇರುವ ಇನ್ನೊಂದು ಒಂದನೇ ಕ್ಲಾಸು ಓದಿ "ಅದು ಹೇಗಾಯ್ತು?" ಅಂತ ಕೇಳುತ್ತದೆ.

ಇದೇನು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ ಯೋಚನೆ ಅಲ್ಲ. 1920ರ ದಶಕದಲ್ಲಿ ಫ್ರಾನ್ಸಿನ ಹಳ್ಳಿಯೊಂದರ ಮೇಷ್ಟ್ರು ಸೆಲೆಸ್ತಾಂ ಫ್ರೆನೆ ತಮ್ಮ ತರಗತಿಗೆ ಪುಟ್ಟ ಮುದ್ರಣ ಯಂತ್ರ ತಂದಿಟ್ಟರು. ಮಕ್ಕಳು ತಾವು ಬರೆದದ್ದಕ್ಕೆ ತಾವೇ ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕೋದು, ಆ ಹಾಳೆಗಳನ್ನು ದೂರದ ಇನ್ನೊಂದು ಶಾಲೆಯ ಮಕ್ಕಳಿಗೆ ಅಂಚೆಯಲ್ಲಿ ಕಳಿಸೋದು, ಅಲ್ಲಿಂದ ಬಂದದ್ದನ್ನು ಓದೋದು. ನೂರು ವರ್ಷದ ಹಿಂದೆಯೇ ನಡೆದಿತ್ತು ಇದೆಲ್ಲ. ಈಗ ಅಂಚೆಗೆ ಕಾಯಬೇಕಾಗಿಲ್ಲ, ಅಷ್ಟೇ.

ಹಾಗಾದರೆ ಮಾಡೋದು ಹೇಗೆ? ಇಡೀ ತರಗತಿಗೆ ಒಂದೇ ಬ್ಲಾಗ್ ಇರಲಿ. ಮಗುವಿಗೊಂದು ಅಕೌಂಟ್, ಪಾಸ್‌ವರ್ಡ್ ಅಂತ ಹೋದರೆ ಅರ್ಧ ಪೀರಿಯಡ್ ಲಾಗಿನ್ ಮಾಡಿಸೋದರಲ್ಲೇ ಕಳೆಯುತ್ತದೆ. ಒಂದು ಕಂಪ್ಯೂಟರ್, ಫೋಟೋ ತೆಗೆಯೋಕೆ ಒಂದು ಫೋನ್ ಸಾಕು. ಟೈಪ್ ಮಾಡೋದು ನೀವು. ಹೇಳೋದು ಮಕ್ಕಳು.

ಗಾಜಿನ ಲೋಟದಲ್ಲಿ ಒದ್ದೆ ಹತ್ತಿ ಇಟ್ಟು ಹುರುಳಿ ಬೀಜ ಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. ಮೂರನೇ ದಿನ ಒಬ್ಬ ಹುಡುಗ ಲೋಟಕ್ಕೆ ಮೂಗು ಒತ್ತಿ ನೋಡಿ ಹೇಳುತ್ತಾನೆ: "ಬೀಜ ಒಡೆದೋಗಿದೆ ಮಿಸ್. ಒಳಗಿಂದ ಬಿಳೀ ಬಾಲ ಬಂದಿದೆ." ನಿಮ್ಮ ಕೈ ತಾನಾಗಿಯೇ "ಬೀಜವು ಮೊಳಕೆಯೊಡೆದು ಬೇರು ಬಿಟ್ಟಿದೆ" ಅಂತ ಟೈಪ್ ಮಾಡೋಕೆ ಹೋಗುತ್ತದೆ. ತಡೆಯಿರಿ. ಅವನು ಹೇಳಿದ್ದನ್ನೇ, ಅದೇ ಮಾತಿನಲ್ಲಿ, ಅವನ ಕಣ್ಣೆದುರೇ ಟೈಪ್ ಮಾಡಿ. ಆಮೇಲೆ ಪರದೆಯ ಮೇಲೆ ಬೆರಳಿಟ್ಟು ಓದಿಸಿ. ಅಕ್ಷರ ಪೂರ್ತಿ ಬಾರದವನೂ ಓದಿಬಿಡುತ್ತಾನೆ, ಯಾಕೆಂದರೆ ಅದು ಅವನದೇ ಮಾತು. ಓದು ಕಲಿಸುವವರಿಗೆ ಇದು ಹಳೇ ದಾರಿ, ಮೊದಲು ಚಾರ್ಟ್ ಪೇಪರ್ ಮೇಲೆ ಮಾಡುತ್ತಿದ್ದರು. ನೀವು ತಿದ್ದಿ ಚಂದ ಮಾಡಿದ ವಾಕ್ಯವನ್ನು ಅವನು ಓದಲಾರ. ಅದು ನಿಮ್ಮದು.

ಮರುದಿನ ಆ ಪೋಸ್ಟಿಗೆ ಯಾರೋ ಕೇಳಿರುತ್ತಾರೆ: "ಬಾಲ ಮೇಲಕ್ಕೆ ಬೆಳೀತಿದೆಯಾ, ಕೆಳಕ್ಕಾ?" ಅದನ್ನು ಜೋರಾಗಿ ಓದಿ ಹೇಳಿ ನೋಡಿ. ಇಡೀ ಕ್ಲಾಸು ಲೋಟದ ಹತ್ತಿರ ಓಡುತ್ತದೆ. ಲೋಟವನ್ನು ಓರೆ ಮಾಡಿ ಇಟ್ಟರೆ ಏನಾಗುತ್ತದೆ ಅಂತ ಯಾರಿಗಾದರೂ ಹೊಳೆಯುತ್ತದೆ. ಬೇರು ಬಗ್ಗಿ ಮತ್ತೆ ಕೆಳಕ್ಕೇ ಹೋಗುತ್ತದೆ, ಮುಂದಿನ ಪೋಸ್ಟ್ ತಯಾರು. ಈ ಪ್ರಶ್ನೆಯನ್ನು ನೀವೇ ಕೇಳಿದ್ದರೆ ಇಷ್ಟು ಗದ್ದಲ ಆಗುತ್ತಿರಲಿಲ್ಲ, ಅಲ್ವಾ? ಮಿಸ್‌ಗೆ ಉತ್ತರ ಗೊತ್ತು ಅಂತ ಮಕ್ಕಳಿಗೆ ಗೊತ್ತಿರುತ್ತದೆ. ದೂರದಲ್ಲಿ ಕೂತವರಿಗೆ ನಿಜವಾಗಿಯೂ ಗೊತ್ತಿಲ್ಲ.

ತಪ್ಪು ಕಾಗುಣಿತದ ವಿಷಯಕ್ಕೆ ಬರೋಣ, ಪೋಷಕರ ಮೊದಲ ಗೊಣಗಾಟ ಅದೇ ಆಗಿರುತ್ತದೆ. ಮಗು "ಬೇರು" ಬದಲು "ಬೆರು" ಅಂತ ಬರೆದಿದೆ, ಹಾಗೇ ಹಾಕೋದಾ? ನನ್ನ ಪ್ರಕಾರ ಮಗುವಿನ ಕೈಬರಹದ ಫೋಟೋ ಹಾಗೇ ಹಾಕಿ, ಅದರ ಕೆಳಗೆ ಅದೇ ವಾಕ್ಯವನ್ನು ಸರಿಯಾದ ಕಾಗುಣಿತದಲ್ಲಿ ಟೈಪ್ ಮಾಡಿ. ಮಗುವಿನ ಶ್ರಮವೂ ಕಾಣುತ್ತದೆ, ಸರಿ ರೂಪವೂ ಪಕ್ಕದಲ್ಲೇ ಇರುತ್ತದೆ. ಕೆಲವು ಮಕ್ಕಳು ಎರಡನ್ನೂ ಹೋಲಿಸಿ ತಾವೇ ತಿದ್ದಿಕೊಳ್ಳುತ್ತಾರೆ, ನಿಮ್ಮ ಕೆಂಪು ಪೆನ್ನಿಗೆ ಸ್ವಲ್ಪ ವಿಶ್ರಾಂತಿ.

ಇನ್ನೊಂದು ಮಾತು. ಬ್ಲಾಗ್ ಬಂತು ಅಂತ ಪೆನ್ಸಿಲ್ ಬಿಡಿಸಬೇಡಿ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳು ಅಕ್ಷರಗಳನ್ನು ಕೈಯಲ್ಲಿ ಬರೆದರು, ಗೆರೆ ಮೇಲೆ ತಿದ್ದಿದರು, ಟೈಪ್ ಕೂಡ ಮಾಡಿದರು. ಆಮೇಲೆ ಅವೇ ಅಕ್ಷರಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದಾಗ, ಓದುವಾಗ ಕೆಲಸ ಮಾಡುವ ಭಾಗಗಳು ಚುರುಕಾದದ್ದು ತಾವಾಗಿಯೇ ಕೈಯಲ್ಲಿ ಬರೆದ ಅಕ್ಷರಗಳಿಗೆ. ಅದಕ್ಕೇ ಮೊದಲು ಕಾಗದ, ಆಮೇಲೆ ಬ್ಲಾಗ್. ಬರೆಯೋಕೆ ಆಗದ ಮಗು ಚಿತ್ರ ಬಿಡಿಸಲಿ, ಅರ್ಧ ನಿಮಿಷ ಮಾತಾಡಿ ರೆಕಾರ್ಡ್ ಮಾಡಲಿ.

ಈಗ ಹುಷಾರಾಗಿರಬೇಕಾದ ಜಾಗ. ಮಕ್ಕಳ ಮಾಹಿತಿಯ ಬಗ್ಗೆ ಕಾನೂನುಗಳಿವೆ. ಅಮೆರಿಕದಲ್ಲಿ 1998ರ ಕಾನೂನು 13 ವರ್ಷದೊಳಗಿನವರಿಗೆ ಅನ್ವಯ. ಭಾರತದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಕಾನೂನು ಏನೇ ಇರಲಿ, ಪೋಷಕರ ಒಪ್ಪಿಗೆ ಲಿಖಿತವಾಗಿ ತಗೊಳ್ಳಿ. ಏನು ಹಾಕುತ್ತೀರಿ, ಯಾರು ನೋಡಬಹುದು, ಬೇಡ ಅಂದರೆ ತೆಗೆಸೋದು ಹೇಗೆ ಅಂತ ಅದರಲ್ಲೇ ಬರೆದಿರಲಿ. ಮುಖದ ಫೋಟೋ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಕೈ, ಚಿತ್ರ, ಲೋಟ, ಮಣ್ಣು, ಇಷ್ಟರಲ್ಲೇ ಚಂದದ ಪೋಸ್ಟ್ ಆಗುತ್ತದೆ. ಯಾರೋ ಒಬ್ಬ ಪೋಷಕರು ಒಪ್ಪದಿದ್ದರೆ ಅವರ ಮಗು ಮೂಲೆಯಲ್ಲಿ ಕೂರಬೇಕಾದ ಸಂದರ್ಭವೂ ಬರೋದಿಲ್ಲ.

ಜನ ಮರೆಯುವ ಕೆಲವು ಸಣ್ಣ ವಿಷಯಗಳಿವೆ. ಫೋನಿನಲ್ಲಿ ತೆಗೆದ ಫೋಟೋದೊಳಗೆ ಆ ಜಾಗದ ವಿವರ ಸೇರಿಕೊಂಡಿರಬಹುದು, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಫೈಲಿಗೆ ಮಗುವಿನ ಪೂರ್ತಿ ಹೆಸರಿಟ್ಟು ಅಪ್‌ಲೋಡ್ ಮಾಡಿದರೆ ಪೋಸ್ಟಿನಲ್ಲಿ ಹೆಸರು ಬರೆಯದಿದ್ದರೂ ಚಿತ್ರದ ವೆಬ್ ವಿಳಾಸದಲ್ಲಿ ಅದು ಕಾಣಬಹುದು. ಹಿಂದಿನ ಗೋಡೆಯ ಮೇಲೆ ಹಾಜರಿ ಪಟ್ಟಿ ಇದೆಯಾ ನೋಡಿ. ಕಾಮೆಂಟ್‌ಗಳು ಮೊದಲು ನಿಮಗೆ ಬರಲಿ, ನೀವು ಒಪ್ಪಿದ ಮೇಲೆ ಮಾತ್ರ ಕಾಣಲಿ.

ಓದುವವರೇ ಬರದಿದ್ದರೆ? ಸುಮಾರು ಬ್ಲಾಗ್‌ಗಳು ಸಾಯೋದು ಹೀಗೇ. ಮೂರು ಪೋಸ್ಟ್ ಹಾಕಿ, ಯಾರೂ ಮಾತಾಡಿಸದೆ, ಕೊನೆಗೆ ವಾರ್ಷಿಕೋತ್ಸವದ ಫೋಟೋ ಹಾಕುವ ಜಾಹೀರಾತು ಫಲಕ ಆಗಿಬಿಡುತ್ತದೆ. ಓದುಗರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಇಂಗ್ಲೆಂಡಿನಲ್ಲಿ ಶುರುವಾದ ಕ್ವಾಡ್‌ಬ್ಲಾಗಿಂಗ್ ಅನ್ನುವ ಕ್ರಮ ಸರಳವಾಗಿದೆ: ನಾಲ್ಕು ತರಗತಿಗಳು ಒಂದು ಗುಂಪು, ವಾರಕ್ಕೊಂದು ತರಗತಿಯ ಸರದಿ, ಆ ವಾರ ಉಳಿದ ಮೂವರೂ ಆ ಬ್ಲಾಗ್ ಓದಿ ಏನಾದರೂ ಬರೆಯಬೇಕು. ನಿಮಗೆ ಪರಿಚಯವಿರುವ ಮೂವರು ಟೀಚರ್‌ಗಳು ಸಿಕ್ಕರೆ ನಾಳೆಯೇ ಶುರು ಮಾಡಬಹುದು. ಕಾಮೆಂಟ್ ಬರೆಯೋದನ್ನೂ ಮಕ್ಕಳಿಗೆ ಹೇಳಿಕೊಡಿ. "ಸೂಪರ್" ಅಂತ ಬರೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಒಂದು ಪ್ರಶ್ನೆ ಕೇಳಿದರೆ ಮುಂದುವರಿಯುತ್ತದೆ. ಮನೆಯಲ್ಲಿ ಇಂಟರ್ನೆಟ್ ಇಲ್ಲದ ಮಕ್ಕಳಿದ್ದರೆ ಪೋಸ್ಟಿನ ಪ್ರಿಂಟ್ ತೆಗೆದು ಕಳಿಸಿ, ಹಿಂದೆ ಖಾಲಿ ಜಾಗ ಬಿಡಿ, ಮನೆಯವರು ಅಲ್ಲೇ ಬರೆದು ಕೊಡುತ್ತಾರೆ.

ವರ್ಷದ ಕೊನೆಯ ಕೆಲಸವನ್ನೂ ಈಗಲೇ ಯೋಚಿಸಿಡಿ. ಎಲ್ಲ ಪೋಸ್ಟ್‌ಗಳನ್ನೂ ಸೇವ್ ಮಾಡಿಕೊಂಡು, ಪ್ರತಿ ಮಗುವಿಗೂ ಅದರ ಪಾಲಿನದ್ದರ ಒಂದು ಪ್ರತಿ ಕೊಟ್ಟು, ಬ್ಲಾಗನ್ನು ಹೊರಗಿನವರಿಗೆ ಕಾಣದ ಹಾಗೆ ಮುಚ್ಚಿ. ಮುಂದಿನ ಟೀಚರ್‌ಗೆ ಅದೇ ಬ್ಲಾಗ್ ಕೊಡೋದಾದರೆ ಈ ವರ್ಷದವರ ಪೋಸ್ಟ್‌ಗಳನ್ನು ಮೊದಲು ತೆಗೆದು, ಪಾಸ್‌ವರ್ಡ್ ಬದಲಿಸಿ ಕೊಡಿ.