ನಾಳೆಯಿಂದ ಬರಬೇಡ ಅನ್ನುವ ಮೊದಲು

ಕಾಸರಗೋಡು ವಿದ್ಯಾನಗರದ ನನ್ನ ಆಫೀಸಿಗೆ ಕುಂಬಳೆ ಕಡೆಯ ಒಬ್ಬರು ಹಾರ್ಡ್‌ವೇರ್ ಅಂಗಡಿಯವರು ಬಂದರು. ಕೈಯಲ್ಲಿ ಲೇಬರ್ ಆಫೀಸಿನ ನೋಟಿಸು. ಕೂರುವ ಮೊದಲೇ ಹೇಳಿದರು: "ನಾನು ಅವನನ್ನು ತೆಗೆದೇ ಇಲ್ಲ ವಕೀಲರೇ. ಅವನೇ ಬರುವುದು ನಿಲ್ಲಿಸಿದ."

ಮಂಜೇಶ್ವರದಿಂದ ಹೊಸದುರ್ಗದವರೆಗೆ ಈ ಒಂದು ಮಾತನ್ನು ಎಷ್ಟು ಮಂದಿಯಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಬಟ್ಟೆ ಅಂಗಡಿಯವರು, ಅಡಿಕೆ ವ್ಯಾಪಾರದವರು, ಹೋಟೆಲಿನವರು, ಎಲ್ಲರದ್ದೂ ಇದೇ. ಪಿ.ಎಫ್., ಇ.ಎಸ್.ಐ., ರಜೆಯ ಲೆಕ್ಕ ಇವನ್ನೆಲ್ಲ ನಿಮ್ಮ ಅಕೌಂಟೆಂಟ್ ನೋಡಿಕೊಳ್ಳುತ್ತಾರೆ. ನಾನು ಇವತ್ತು ಈ ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ನಡೆದದ್ದು ಇಷ್ಟು. ಒಂದು ಶನಿವಾರ ಸಂಜೆ ಗಲ್ಲಾಪೆಟ್ಟಿಗೆಯಲ್ಲಿ 2,300 ರೂಪಾಯಿ ಕಡಿಮೆ ಬಂತು. ಒಂಬತ್ತು ವರ್ಷದಿಂದ ಇದ್ದ ಕೆಲಸದವನ ಮೇಲೆ ಸಂಶಯ. ಗಿರಾಕಿಗಳ ಎದುರಿಗೇ ಬೈದರು. ರಾತ್ರಿ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜು: "ನಾಳೆಯಿಂದ ಬರಬೇಡ." ಅವನು ಬರಲಿಲ್ಲ. ಎರಡು ತಿಂಗಳ ಮೇಲೆ ನೋಟಿಸು ಬಂತು. ಆ ಮೆಸೇಜನ್ನು ಅವರೇ ನನಗೆ ಕೇಳಿಸಿದರು, ತಾವು ಎಷ್ಟು ಮರ್ಯಾದೆಯಿಂದ ಹೇಳಿದ್ದೇವೆ ಅಂತ ತೋರಿಸಲಿಕ್ಕೆ.

"ಒಂದು ಲೆಟರ್ ಕಳಿಸಿದ್ರಾ?" ಅಂತ ಕೇಳಿದೆ.

"ಅವನ ಮನೆ ಇಲ್ಲೇ ಬಂಬ್ರಾಣದಲ್ಲಿ ಮಾರಾಯ್ರೇ. ಲೆಟರ್ ಯಾಕೆ?"

ನಾನು ಸೋಲುವುದು ಇಲ್ಲೇ. ಬರಬೇಡ ಅಂತ ಹೇಳಿದವರು ನೀವು. ಆಮೇಲೆ ಬರಲಿಲ್ಲ ಅಂತ ಅವನ ಮೇಲೆ ಹಾಕಿದರೆ ಯಾವ ಅಧಿಕಾರಿ ಒಪ್ಪುತ್ತಾರೆ? ಒಂದು ವೇಳೆ ನೀವು ಹಾಗೆ ಹೇಳಿಯೇ ಇಲ್ಲ, ಅವನು ನಿಜವಾಗಿ ತಾನಾಗಿ ಬಿಟ್ಟ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಸುಮ್ನೆ ಕೂತರೆ ಆಗುವುದಿಲ್ಲ. ಎಂಟು ದಿನಕ್ಕಿಂತ ಜಾಸ್ತಿ ಹೇಳದೆ ಗೈರಾದರೆ ಕೆಲಸ ತಾನಾಗಿ ಹೋಗುತ್ತದೆ ಅಂತ ಒಂದು ಕಂಪೆನಿಯ ನಿಯಮದಲ್ಲೇ ಬರೆದಿತ್ತು. ಅಂಥ ಕೇಸಿನಲ್ಲೂ ಸುಪ್ರೀಂ ಕೋರ್ಟ್ 1993ರಲ್ಲಿ, ಡಿ.ಕೆ. ಯಾದವ್ ತೀರ್ಪಿನಲ್ಲಿ, ಅವನನ್ನು ಕೇಳದೆ ತೆಗೆದದ್ದು ತಪ್ಪು ಅಂತ ಹೇಳಿತು. ನಿಯಮ ಬರೆದಿಟ್ಟ ಕಂಪೆನಿಗೇ ಹೀಗೆ. ಏನೂ ಬರೆದಿಡದ ನಮ್ಮ ಅಂಗಡಿಗಳ ಕಥೆ ಹೇಳಬೇಕಾ?

"ಕದ್ದದ್ದು ನಿಜ ವಕೀಲರೇ" ಅನ್ನುತ್ತಾರೆ. ಇರಬಹುದು. ಕೇಸು ನಿಲ್ಲುವುದು ಕದ್ದನೋ ಇಲ್ಲವೋ ಅನ್ನುವುದರ ಮೇಲಲ್ಲ. ತೆಗೆಯುವ ಮೊದಲು ಅವನನ್ನು ಕೇಳಿದಿರಾ, ಅವನ ಉತ್ತರ ತೆಗೆದುಕೊಂಡಿರಾ ಅನ್ನುವುದರ ಮೇಲೆ. ಇದನ್ನು ಹತ್ತು ಸಲ ಹೇಳಿದರೂ ಹನ್ನೊಂದನೇ ಸಲ ಅದೇ ಮಾತು ಬರುತ್ತದೆ: "ಆದರೆ ಅವನು ಕದ್ದದ್ದು ನಿಜ." ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ. ತಪ್ಪು ಮಾಡಿದವನನ್ನು ತೆಗೆಯಬೇಡಿ ಅಂತ ಕಾನೂನು ಹೇಳುವುದಿಲ್ಲ. ಕೇಳಿ ತೆಗೆಯಿರಿ ಅನ್ನುತ್ತದೆ. ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ ಇದೇ ಇದೆ. ಆರು ತಿಂಗಳು ಬಿಡದೆ ದುಡಿದವನನ್ನು ತೆಗೆಯಲಿಕ್ಕೆ ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸು ಅಥವಾ ಅಷ್ಟು ಸಂಬಳ ಬೇಕು. ತಪ್ಪಿಗಾಗಿ ನೋಟಿಸಿಲ್ಲದೆ ತೆಗೆಯುವುದಾದರೆ ವಿಚಾರಣೆ ಮಾಡಿ ಸಾಕ್ಷಿ ಬರೆದಿಟ್ಟಿರಬೇಕು.

ಇನ್ನು ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಅಪಾಯಿಂಟ್‌ಮೆಂಟ್ ಆರ್ಡರ್ ಕೊಟ್ಟಿಲ್ಲ, ದಿನಗೂಲಿ, ಶನಿವಾರ ಸಂಬಳ, ಹಾಗಾಗಿ ಅವನು ನಮ್ಮವನೇ ಅಲ್ಲ ಅಂತ. ಕಾಗದ ಕೊಡದೇ ಇದ್ದದ್ದು ನಿಮ್ಮ ತಪ್ಪು, ಅದರ ಲಾಭ ನಿಮಗೆ ಸಿಗುವುದಿಲ್ಲ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ, ರಜಾದಿನದ ಸಂಬಳ ಕೊಟ್ಟಿದ್ದರೆ ಅದನ್ನೂ ಸೇರಿಸಿ, ಒಂದು ವರ್ಷದ ಸೇವೆ ಅಂತ ಲೆಕ್ಕ. ಅಂಥವನನ್ನು ತಪ್ಪಿಲ್ಲದೆ, ಕೆಲಸ ಕಡಿಮೆಯಾಯಿತು ಅಂತ ತೆಗೆದರೂ ಒಂದು ತಿಂಗಳ ನೋಟಿಸು ಮತ್ತು ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಈ ಹಾರ್ಡ್‌ವೇರ್ ಅಂಗಡಿಯ ಕೆಲಸದವನ ಸಂಬಳ ತಿಂಗಳಿಗೆ 18,000. ಹದಿನೈದು ದಿನಕ್ಕೆ 9,000, ಒಂಬತ್ತು ವರ್ಷಕ್ಕೆ 81,000, ಮೇಲೆ ನೋಟಿಸಿನ 18,000. ಒಟ್ಟು 99,000. ಗ್ರಾಚ್ಯುಟಿ ಬರುವುದಾದರೆ ಅದು ಬೇರೆ. ಇಷ್ಟೂ ಕೊಡದೆ ತೆಗೆದು ಕೇಸು ಸೋತರೆ, ಕೆಲಸವನ್ನೇ ವಾಪಸು ಕೊಡಿ, ನಡುವಿನ ಸಂಬಳವನ್ನೂ ಕೊಡಿ ಅಂತ ಆದೇಶ ಬರಬಹುದು. ಕೇಸು ನಾಲ್ಕೈದು ವರ್ಷ ಎಳೆದರೆ ಆ ಮೊತ್ತ ಎಲ್ಲಿಗೆ ಹೋಗುತ್ತದೆ ನೋಡಿ.

ಹಾಗಾದರೆ ಏನು ಮಾಡಬೇಕು? ಒಂದು ಪುಟದ ಲೆಟರ್. "ಇಂಥ ತಾರೀಕು ಸಂಜೆ ನೀವು ಕೌಂಟರಿನಲ್ಲಿದ್ದಾಗ ಲೆಕ್ಕದಲ್ಲಿ 2,300 ರೂಪಾಯಿ ಕಡಿಮೆ ಬಂದಿದೆ. ಈ ಬಗ್ಗೆ ನಿಮ್ಮ ವಿವರಣೆಯನ್ನು ಏಳು ದಿನದೊಳಗೆ ಬರೆದು ಕೊಡಿ." ಅಷ್ಟೇ. "ನೀನು ಕದ್ದಿದ್ದೀಯ" ಅಂತ ಬರೆಯಬೇಡಿ, ಆಗ ನೀವು ಕೇಳುವ ಮೊದಲೇ ತೀರ್ಮಾನಿಸಿದ ಹಾಗಾಯಿತು. ಬರದೇ ಇದ್ದವನಿಗಾದರೆ, "ಇಂಥ ದಿನದಿಂದ ಬಂದಿಲ್ಲ, ಕಾರಣ ತಿಳಿಸಿ, ಇಂಥ ದಿನದೊಳಗೆ ಕೆಲಸಕ್ಕೆ ಬನ್ನಿ." ಕೈಗೆ ಕೊಟ್ಟರೆ ಸಹಿ ತೆಗೆದುಕೊಳ್ಳಿ. ತೆಗೆದುಕೊಳ್ಳದಿದ್ದರೆ ಪೋಸ್ಟಿನಲ್ಲಿ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿದೆ, ಆ ರಸೀದಿಯನ್ನು ಫೈಲಿಗೆ ಹಾಕಿ. ವಾಪಸು ಬಂದ ಕವರನ್ನು ಒಡೆಯಬೇಡಿ, ಹಾಗೇ ಇಡಿ. ಖಾಲಿ ಕಾಗದಕ್ಕೆ ಸಹಿ ತೆಗೆದಿಟ್ಟುಕೊಳ್ಳುವವರು ಈಗಲೂ ಇದ್ದಾರೆ. ಅದನ್ನು ನನ್ನ ಹತ್ತಿರ ತರಬೇಡಿ.

ಲೆಟರ್ ಅವನು ಓದುವ ಭಾಷೆಯಲ್ಲಿರಲಿ. ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ ಮಾತಾಡುವ ಹುಡುಗನಿಗೆ ಡಿ.ಟಿ.ಪಿ. ಸೆಂಟರಿನಲ್ಲಿ ಮಾಡಿಸಿದ ಇಂಗ್ಲಿಷ್ ಮೆಮೊ ಕೊಡುತ್ತಾರೆ. ಬದಿಯಡ್ಕದ ಹತ್ತಿರ ಒಬ್ಬರು ಅಡಿಕೆ ಗೋದಾಮಿನ ಕೆಲಸದವರಿಗೆ ವಾಪಸು ಬನ್ನಿ ಅಂತಲೇ ಲೆಟರ್ ಕಳಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಇಂಗ್ಲಿಷಿನಲ್ಲಿ. ಅವರು ಏಳನೇ ಕ್ಲಾಸು ಕನ್ನಡ ಓದಿದವರು, ಪಕ್ಕದ ಮನೆಯ ಹುಡುಗನ ಹತ್ತಿರ ಓದಿಸಿದರು. ಬಾರದಿದ್ದರೆ ಡಿಸ್‌ಮಿಸ್ ಮಾಡಬೇಕಾಗುತ್ತದೆ ಅಂತ ಕೊನೆಯ ಸಾಲಿನಲ್ಲಿತ್ತು. ಹುಡುಗನ ಕಣ್ಣಿಗೆ ಬಿದ್ದದ್ದು ಆ ಒಂದು ಶಬ್ದ. "ಮಾಮ, ನಿಮ್ಮನ್ನು ತೆಗೆದಿದ್ದಾರೆ" ಅಂದ. ಅವರು ಆ ಕಾಗದವನ್ನು ರೇಷನ್ ಕಾರ್ಡಿನ ಜೊತೆ ಮಡಚಿಟ್ಟು, ಬೇರೆ ಕಡೆ ಕೂಲಿಗೆ ಹೋದರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ವರ್ಷಗಟ್ಟಲೆ ಸಿಟ್ಟು. ನನಗೆ ಇವತ್ತಿಗೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಹಾರ್ಡ್‌ವೇರಿನವರ ವಿಷಯಕ್ಕೆ ಬರುತ್ತೇನೆ. ಲೇಬರ್ ಆಫೀಸಿನಲ್ಲಿ ರಾಜಿ ಮಾತುಕತೆಗೆ ಕೂತಾಗ ಅವನು ಪರ್ಸಿನಿಂದ ಒಂದು ಚೀಟಿ ತೆಗೆದ. ಆ ಶನಿವಾರ ಸಿಮೆಂಟ್ ಲೋಡು ಇಳಿಸಿದವರಿಗೆ 1,500 ಕೊಟ್ಟ ಚೀಟಿ. ಉಳಿದ 800 ಎಲ್ಲಿ ಹೋಯಿತೋ ಕೊನೆಗೂ ಗೊತ್ತಾಗಲಿಲ್ಲ. "ಇದನ್ನು ಅವತ್ತೇ ಹೇಳಬಹುದಿತ್ತಲ್ವಾ?" ಅಂತ ಇವರು ಕೇಳಿದರು. "ನೀವು ಕೇಳ್ಲಿಲ್ಲ ಧನಿ, ಬೈದ್ರಿ" ಅಂದ. ಮೂರನೇ ದಿನಾಂಕಕ್ಕೆ ರಾಜಿಯಾಯಿತು. ಕೆಲಸಕ್ಕೆ ವಾಪಸು ಕರೆದರು. ಅವನು ಒಪ್ಪಲಿಲ್ಲ, ಹಣ ತೆಗೆದುಕೊಂಡು ಹೋದ. ರಾಜಿ ಆಗದಿದ್ದರೆ ಅರ್ಜಿ ಕೊಟ್ಟ 45 ದಿನದ ಮೇಲೆ ಅವನು ನೇರವಾಗಿ ಕೇಸು ಹಾಕಬಹುದಿತ್ತು.

ಒಂದು ಎಚ್ಚರಿಕೆ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸೆಕ್ಷನ್ ನಂಬರುಗಳು, ಕೆಲವು ಗಡುವುಗಳು ಬದಲಾಗಿವೆ. ನಾನು ಮೇಲೆ ಹೇಳಿದ ಒಂದು ತಿಂಗಳ ನೋಟಿಸು, 15 ದಿನದ ಲೆಕ್ಕ ಹಾಗೇ ಇದೆ. ಮ್ಯಾನೇಜರ್ ಮಟ್ಟದವರಿಗೆ, ತೋಟದ ಕೆಲಸದವರಿಗೆ, ಬೀಡಿ ಕಟ್ಟುವವರಿಗೆ ಲೆಕ್ಕ ಬೇರೆ ಆಗಬಹುದು. ಹಾಗಾಗಿ ಈ ಅಂಕಣವನ್ನು ಕತ್ತರಿಸಿಟ್ಟುಕೊಂಡು ಯಾರನ್ನೂ ತೆಗೆಯಲಿಕ್ಕೆ ಹೋಗಬೇಡಿ. ನಿಮ್ಮ ಹಾಜರಿ ಪುಸ್ತಕ, ಸಂಬಳದ ಪುಸ್ತಕ ಹಿಡಿದುಕೊಂಡು ಯಾವ ವಕೀಲರ ಹತ್ತಿರವಾದರೂ ಹೋಗಿ. ವೈಟ್‌ನರ್ ಹಚ್ಚಿದ ಪುಟ ಇದ್ದರೆ ಅದನ್ನೂ ಮುಚ್ಚಿಡದೆ ತೋರಿಸಿ.

ಸಿಟ್ಟು ಬಂದ ರಾತ್ರಿ ವಾಯ್ಸ್ ಮೆಸೇಜು ಕಳಿಸುವ ಮೊದಲು ನನಗೆ ಫೋನ್ ಮಾಡಿದರೂ ಆಯಿತು. ಒಂಬತ್ತು ಗಂಟೆಯವರೆಗೆ ಎತ್ತುತ್ತೇನೆ.